ಯಾಂಕೀಸ್ ಗೆದ್ದದ್ದು ಬರೀ ದುಡ್ಡಿನಿಂದಲ್ಲ

ಮಾನ್ಯ ಸಂಪಾದಕರೇ,

ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡ 2024 ಮತ್ತು 2025ರಲ್ಲಿ ಬೆನ್ನುಬೆನ್ನಿಗೇ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದದ್ದರ ಬಗ್ಗೆ ತಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಬೇಸ್‌ಬಾಲ್‌ಗೆ ಅಷ್ಟು ಜಾಗ ಸಿಕ್ಕಿದ್ದೇ ಸಂತೋಷ. ಆದರೆ ಡಾಡ್ಜರ್ಸ್‌ಗಿಂತ ಮುಂಚೆ ಕೊನೆಯದಾಗಿ ಈ ಸಾಧನೆ ಮಾಡಿದ್ದ ನ್ಯೂಯಾರ್ಕ್ ಯಾಂಕೀಸ್ ಬಗ್ಗೆ ಅಲ್ಲಿರುವ ಎರಡು ಮಾತು ಒಪ್ಪುವಂಥವಲ್ಲ. ‘1996ರಿಂದ 2000ದವರೆಗೆ ಸತತ ಐದು ಪ್ರಶಸ್ತಿ’ ಎಂಬುದು ಪೂರ್ತಿ ತಪ್ಪು. ‘ದುಡ್ಡು ಸುರಿದು ಕೊಂಡ ಪ್ರಶಸ್ತಿಗಳು’ ಎಂಬುದು ಮುಕ್ಕಾಲು ತಪ್ಪು.

ಮೊದಲನೆಯದು ಲೆಕ್ಕದ ವಿಷಯ. ಯಾಂಕೀಸ್ ಗೆದ್ದದ್ದು 1996, 1998, 1999 ಮತ್ತು 2000ದಲ್ಲಿ. 1997ರಲ್ಲಿ ಮೊದಲ ಸುತ್ತಿನಲ್ಲೇ ಕ್ಲೀವ್‌ಲ್ಯಾಂಡ್ ಎದುರು 3–2ರಿಂದ ಸೋತು ಮನೆ ಸೇರಿತ್ತು. ಸತತ ಐದು ಗೆದ್ದದ್ದೂ ಯಾಂಕೀಸೇ, ಆದರೆ 1949ರಿಂದ 1953ರವರೆಗೆ, ಕೇಸಿ ಸ್ಟೆಂಗಲ್ ಮ್ಯಾನೇಜರ್ (ಪಂದ್ಯದಲ್ಲಿ ತಂಡ ನಡೆಸುವ ಮುಖ್ಯ ತರಬೇತುದಾರ) ಆಗಿದ್ದಾಗ. ಆ ಐದನ್ನೂ ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸ್ಟೆಂಗಲ್ ಕಾಲದಲ್ಲಿ ಎರಡು ಲೀಗ್, ಒಂದೊಂದರಲ್ಲಿ ಎಂಟೇ ತಂಡ. ಮೊದಲ ಸ್ಥಾನ ಹಿಡಿದವರು ನೇರ ವರ್ಲ್ಡ್ ಸೀರೀಸ್‌ಗೆ, ಅಲ್ಲಿ ನಾಲ್ಕು ಪಂದ್ಯ ಗೆದ್ದರೆ ಮುಗಿಯಿತು. 1995ರಿಂದ ಆ ವರ್ಷಗಳಲ್ಲಿ ಮೂರು ಸುತ್ತು ದಾಟಬೇಕಿತ್ತು: ಐದರಲ್ಲಿ ಮೂರು, ಏಳರಲ್ಲಿ ನಾಲ್ಕು, ಮತ್ತೆ ಏಳರಲ್ಲಿ ನಾಲ್ಕು. 162 ಪಂದ್ಯ ಆಡಿ ಮೇಲೆ ಬಂದ ತಂಡ ಐದು ಪಂದ್ಯದ ಸರಣಿಯಲ್ಲಿ ಇಬ್ಬರು ಒಳ್ಳೆಯ ಪಿಚರ್‌ಗಳ (ಚೆಂಡು ಎಸೆಯುವವರ) ಕೈಗೆ ಸಿಕ್ಕಿ ಮಣ್ಣು ಮುಕ್ಕುವುದು ಈ ಆಟದಲ್ಲಿ ಮಾಮೂಲು. ಜೋ ಟೋರಿ ಮ್ಯಾನೇಜರ್ ಆಗಿದ್ದ ಯಾಂಕೀಸ್ 1998ರಿಂದ 2001ರವರೆಗೆ ಇಂಥ 11 ಸರಣಿಗಳನ್ನು ಒಂದೂ ಬಿಡದೆ ಗೆದ್ದಿತು. ವರ್ಲ್ಡ್ ಸೀರೀಸ್ ಪಂದ್ಯಗಳನ್ನಷ್ಟೇ ಎಣಿಸಿದರೆ 1996ರ ಕೊನೆಯ ನಾಲ್ಕು, 1998 ಮತ್ತು 1999ರ ನಾಲ್ಕು ನಾಲ್ಕು, 2000ದ ಮೊದಲ ಎರಡು: ಸತತ 14.

ಇನ್ನು ದುಡ್ಡಿನ ಮಾತು. ಯಾಂಕೀಸ್ ಬಡ ತಂಡವಲ್ಲ, ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಕೈ ಬಿಗಿ ಹಿಡಿದವರೂ ಅಲ್ಲ. ಆದರೂ 1998ರಲ್ಲಿ ಆಟಗಾರರ ಸಂಬಳಕ್ಕೆ ಎಲ್ಲರಿಗಿಂತ ಹೆಚ್ಚು ತೆತ್ತದ್ದು ಬಾಲ್ಟಿಮೋರ್ ಓರಿಯೋಲ್ಸ್. ಅವರು 79 ಗೆದ್ದು 83 ಸೋತು ವಿಭಾಗದಲ್ಲಿ ನಾಲ್ಕನೆಯವರಾದರು. ಅದೇ ವಿಭಾಗದಲ್ಲಿ ಯಾಂಕೀಸ್ 114 ಗೆದ್ದು 48 ಸೋತಿತು.

ಈ ತಂಡದ ಬುನಾದಿ ಬಿದ್ದದ್ದು ಮಾಲೀಕರ ಕೈ ಕಟ್ಟಿಹಾಕಿದ್ದಾಗ. ತಮ್ಮದೇ ಆಟಗಾರನಾಗಿದ್ದ ಡೇವ್ ವಿನ್‌ಫೀಲ್ಡ್ ವಿರುದ್ಧ ಏನಾದರೂ ಕೆದಕಿ ಕೊಡಲೆಂದು ಜೂಜುಕೋರನೊಬ್ಬನಿಗೆ 40,000 ಡಾಲರ್ ಕೊಟ್ಟದ್ದಕ್ಕೆ 1990ರ ಜುಲೈನಲ್ಲಿ ಸ್ಟೈನ್‌ಬ್ರೆನರ್‌ರನ್ನು ತಂಡದ ಆಡಳಿತದಿಂದ ದೂರ ಇಡಲಾಯಿತು. ಮರಳಿದ್ದು 1993ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು, ಹೆಸರು ಮಾಡಿದ ಹಿರಿಯರಿಗಾಗಿ ಬೆಳೆಯುವ ಹುಡುಗರನ್ನು ಬಿಟ್ಟುಕೊಡುವುದು ತಂಡದ ಚಾಳಿಯಾಗಿತ್ತು. 1988ರಲ್ಲಿ ಹಿರಿಯ ಕೆನ್ ಫೆಲ್ಪ್ಸ್‌ಗಾಗಿ ಹುಡುಗ ಜೇ ಬ್ಯೂನರ್‌ರನ್ನು ಸಿಯಾಟಲ್‌ಗೆ ಕೊಟ್ಟು ಕೈ ಸುಟ್ಟುಕೊಂಡದ್ದು ಎಲ್ಲರಿಗೂ ಗೊತ್ತು. ಆಟಗಾರರನ್ನು ಆರಿಸುವ ಹೊಣೆಯ ಜನರಲ್ ಮ್ಯಾನೇಜರ್ ಜೀನ್ ಮೈಕಲ್ ಮಾಲೀಕರಿಲ್ಲದ ಆ ಅವಧಿಯಲ್ಲಿ ಹುಡುಗರನ್ನು ಹಿಡಿದಿಟ್ಟುಕೊಂಡರು.

ಯಾರು ಆ ಹುಡುಗರು? 1990ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಏರ್ಪಾಡು) 22ನೇ ಸುತ್ತಿನಲ್ಲಿ ಸಿಕ್ಕ ಪಿಚರ್ ಆಂಡಿ ಪೆಟಿಟ್. 24ನೇ ಸುತ್ತಿನ ಹೋರ್ಹೆ ಪೊಸಾಡಾ, ಎರಡನೇ ಬೇಸ್ ಬಳಿ ಫೀಲ್ಡ್ ಮಾಡುತ್ತಿದ್ದವರನ್ನು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿ ತಿದ್ದಿದ್ದು. ಪನಾಮಾದಿಂದ ಕೆಲವೇ ಸಾವಿರ ಡಾಲರ್‌ಗೆ ಸಹಿ ಹಾಕಿಸಿಕೊಂಡ ಪಿಚರ್ ಮರಿಯಾನೊ ರಿವೇರಾ. 1992ರಲ್ಲಿ ಆರನೆಯ ಆಯ್ಕೆಯಾಗಿ ಬಂದ ಡೆರೆಕ್ ಜೀಟರ್ ಮರುವರ್ಷ ಕೆಳಗಿನ ಲೀಗ್‌ನಲ್ಲಿ ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡಿಂಗ್ ಜಾಗ) ನಿಂತು 56 ಎರರ್, ಅಂದರೆ ಫೀಲ್ಡಿಂಗ್ ತಪ್ಪು, ಮಾಡಿದ್ದರು. ಅಷ್ಟಾದರೆ ಜಾಗ ಬದಲಿಸುವುದೇ ರೂಢಿ. ಇವರನ್ನು ಅಲ್ಲೇ ಬಿಟ್ಟರು. ದುಡ್ಡಿನ ವಾದ ಮಾಡುವವರು 1991ರ ಮೊದಲ ಆಯ್ಕೆ ಬ್ರಿಯನ್ ಟೇಲರ್‌ರನ್ನೂ ನೆನೆಯಬೇಕು. ಕೊಟ್ಟದ್ದು 15.5 ಲಕ್ಷ ಡಾಲರ್. ಭುಜಕ್ಕೆ ಪೆಟ್ಟಾಯಿತು, ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ.

1996ರ ವಸಂತದ ಶಿಬಿರದಲ್ಲೂ ಎಲ್ಲ ಕೈತಪ್ಪುವುದರಲ್ಲಿತ್ತು. ಜೀಟರ್ ಇನ್ನೂ ಪಕ್ವವಾಗಿಲ್ಲ ಎಂಬ ಅಳುಕಿನಲ್ಲಿ, ಸಿಯಾಟಲ್‌ನ ಶಾರ್ಟ್‌ಸ್ಟಾಪ್ ಫೆಲಿಕ್ಸ್ ಫರ್ಮಿನ್‌ಗಾಗಿ ರಿವೇರಾರನ್ನು ಕೊಟ್ಟುಬಿಡುವ ಮಾತು ನಡೆದಿತ್ತು. ಮೈಕಲ್ ಮತ್ತಿತರರು ತಡೆದರು. ದುಡ್ಡು ನಿಜಕ್ಕೂ ಕೆಲಸಕ್ಕೆ ಬಂದದ್ದು ಇದ್ದವರನ್ನು ಉಳಿಸಿಕೊಳ್ಳುವಾಗ: 1998ರ ಕೊನೆಗೆ ತಂಡದ ಮುಖ್ಯ ಬ್ಯಾಟರ್ ಬರ್ನಿ ವಿಲಿಯಮ್ಸ್ ಬಾಸ್ಟನ್ ಕಡೆಗೆ ಹೊರಟೇಬಿಟ್ಟರು ಎನ್ನುವಾಗ ಏಳು ವರ್ಷಕ್ಕೆ 8.75 ಕೋಟಿ ಡಾಲರ್ ಕೊಟ್ಟು ನಿಲ್ಲಿಸಿಕೊಂಡರು. ನಾನು ಬಿಟ್ಟುಕೊಡುವ ಕಾಲು ಭಾಗ ಇದೇ.

ಲೇಖನದಲ್ಲಿ ‘ಹೋಮ್ ರನ್‌ಗಳ ಸುರಿಮಳೆ’ ಎಂದೂ ಇದೆ. ಹೋಮ್ ರನ್ ಎಂದರೆ ಚೆಂಡನ್ನು ಬೇಲಿಯಾಚೆ ಹೊಡೆದು ಎಲ್ಲ ಬೇಸ್ ಸುತ್ತಿ ಬರುವುದು. ಬೇರೆ ತಂಡಗಳ ಮಾರ್ಕ್ ಮೆಗ್ವಾಯರ್ 70, ಸ್ಯಾಮಿ ಸೋಸಾ 66 ಹೊಡೆದ 1998ರಲ್ಲಿ ಯಾಂಕೀಸ್‌ನ ಒಬ್ಬರೂ 30 ಮುಟ್ಟಲಿಲ್ಲ. ಟೀನೊ ಮಾರ್ಟಿನೆಜ್‌ರ 28 ಹೋಮ್ ರನ್ನೇ ಹೆಚ್ಚು. ಆದರೆ ಹತ್ತು ಮಂದಿ ಹತ್ತು ಅಥವಾ ಹೆಚ್ಚು ಹೊಡೆದಿದ್ದರು. ಎದುರಾಳಿಗೆ ಉಸಿರು ಬಿಡುವ ಜಾಗವೇ ಇರಲಿಲ್ಲ. ಅವರ ನಿಜವಾದ ಆಯುಧ ಹೊಡೆಯದೆ ಬಿಡುವುದು. ಬ್ಯಾಟರ್ ಪಕ್ಕದಲ್ಲಿರುವ ಹೋಮ್ ಪ್ಲೇಟ್‌ನ ಅಗಲ 17 ಅಂಗುಲ. ಆ ಅಗಲದ ಮೇಲೆ, ಮೊಣಕಾಲಿನಿಂದ ಎದೆಮಟ್ಟದೊಳಗೆ ಬಂದ ಎಸೆತ ಸ್ಟ್ರೈಕ್, ಬ್ಯಾಟ್ ಬೀಸದೆ ಬಿಟ್ಟಾಗ ಅದರ ಹೊರಗೆ ಹೋದದ್ದು ಬಾಲ್. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ನಡೆಯುತ್ತಾನೆ, ಅದೇ ವಾಕ್. ಮೂರು ಬೇಸ್ ದಾಟಿ ಮತ್ತೆ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ರನ್. ಎರಡು ಸ್ಟ್ರೈಕ್ ಆದ ಮೇಲೆ ಬೀಸಿ ಫೌಲ್ ಮಾಡುತ್ತಾ (ಚೆಂಡನ್ನು ಮೈದಾನದ ಪಕ್ಕದ ಗೆರೆಯಾಚೆ ತಟ್ಟುತ್ತಾ) ಹೋದರೆ ಔಟ್ ಇಲ್ಲ, ಪಿಚರ್ ಮತ್ತೆ ಮತ್ತೆ ಎಸೆಯಲೇಬೇಕು. ಹೀಗೆ ಸವೆಸಿದರೆ ಮುಖ್ಯ ಪಿಚರ್‌ನ ನೂರು ಎಸೆತ ಐದಾರು ಇನಿಂಗ್ಸ್‌ಗೇ ಖರ್ಚಾಗುತ್ತದೆ. ಆಮೇಲೆ ಬರುವ ಬದಲಿ ಪಿಚರ್ ಸಾಮಾನ್ಯವಾಗಿ ಅವನಿಗಿಂತ ಒಂದು ಕೈ ಕಡಿಮೆಯೇ.

2000ದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ನೋಡಿ. ಎದುರಾಳಿ ಅದೇ ಊರಿನ ಮೆಟ್ಸ್. ಒಂಬತ್ತನೇ ಇನಿಂಗ್ಸ್, ಒಬ್ಬರು ಔಟ್, ಮೆಟ್ಸ್ 3–2 ಮುಂದೆ. ಎಸೆಯುತ್ತಿದ್ದವರು ಭಾರೀ ವೇಗದ ಅರ್ಮಾಂಡೊ ಬೆನಿಟೆಜ್, ಬ್ಯಾಟ್ ಹಿಡಿದವರು 37 ವರ್ಷದ ಪಾಲ್ ಓನೀಲ್. ಎರಡು ಸ್ಟ್ರೈಕ್ ಬಿದ್ದವು. ಆಮೇಲೆ ಓನೀಲ್ ಹೊಡೆಯಲೂ ಆಗದ, ಬಿಡಲೂ ಆಗದ ಎಸೆತಗಳನ್ನು ಬ್ಯಾಟಿನಿಂದ ತಟ್ಟಿ ತಟ್ಟಿ ಫೌಲ್ ಗೆರೆಯಾಚೆ ದೂಡುತ್ತಾ ಹೋದರು. ಹತ್ತನೇ ಎಸೆತ ನಾಲ್ಕನೇ ಬಾಲ್. ವಾಕ್. ಹಿಂದೆಯೇ ಲೂಯಿಸ್ ಪೊಲೊನಿಯಾ, ಹೋಸೆ ವಿಸ್ಕಾಯಿನೊ ಒಂದೊಂದು ಹಿಟ್ ಹೊಡೆದರು, ಚಕ್ ನಾಬ್ಲಾಕ್ ಎತ್ತಿದ ಚೆಂಡು ಕ್ಯಾಚ್ ಆದರೂ ಓನೀಲ್ ಮೂರನೇ ಬೇಸ್‌ನಿಂದ ಓಡಿ ಬಂದು ಸಮ ಮಾಡಿದರು. 12ನೇ ಇನಿಂಗ್ಸ್‌ನಲ್ಲಿ 4–3. ಮೆಟ್ಸ್ ಚೇತರಿಸಿಕೊಳ್ಳಲೇ ಇಲ್ಲ, ಸರಣಿ 4–1.

1996ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯವೂ ಹಾಗೆಯೇ. ಅಟ್ಲಾಂಟಾ ಬ್ರೇವ್ಸ್ 6–0 ಮುಂದಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ಮಾರ್ಕ್ ವೋಲರ್ಸ್‌ರ ಸ್ಲೈಡರ್ (ಕೊನೆಗೆ ಪಕ್ಕಕ್ಕೆ ತಿರುಗುವ ಎಸೆತ) ಒಂದನ್ನು ಜಿಮ್ ಲೇರಿಟ್ಜ್ ಬೇಲಿಯಾಚೆ ಕಳಿಸಿ 6–6 ಮಾಡಿದ್ದು ಎಲ್ಲರ ಬಾಯಲ್ಲೂ ಇದೆ. ಆದರೆ ಪಂದ್ಯ ಗೆದ್ದದ್ದು ಹತ್ತನೇ ಇನಿಂಗ್ಸ್‌ನಲ್ಲಿ: ಇಬ್ಬರು ಔಟ್, ಮೂರೂ ಬೇಸ್ ಭರ್ತಿ. ಟೋರಿ ಅಲ್ಲಿಯವರೆಗೆ ಬೆಂಚಿನಲ್ಲಿ ಕಾಯ್ದಿರಿಸಿದ್ದ ವೇಡ್ ಬಾಗ್ಸ್‌ರನ್ನು ಕಳಿಸಿದರು. ಸ್ಟೀವ್ ಏವರಿ ಎಸೆತಗಳನ್ನು ಬಾಗ್ಸ್ ನೋಡಿ ನೋಡಿ ಬಿಟ್ಟು ನಾಲ್ಕನೇ ಬಾಲ್ ಗಿಟ್ಟಿಸಿದರು. ಬೇಸ್‌ನಲ್ಲಿದ್ದವರೆಲ್ಲ ಒಂದೊಂದು ಬೇಸ್ ಮುಂದೆ ಸರಿದರು, ಗೆಲುವಿನ ರನ್ ಬಂದದ್ದು ಬ್ಯಾಟಿಗೆ ಚೆಂಡು ತಗುಲದೆ.

ಮುನ್ನಡೆ ಸಿಕ್ಕ ಮೇಲೆ ಬೀಗ ಹಾಕುವ ಕೆಲಸ ರಿವೇರಾರದು. 1997ರಲ್ಲಿ ರಮಿರೊ ಮೆಂಡೋಜಾ ಜತೆ ಸುಮ್ಮನೆ ಚೆಂಡು ಎಸೆದಾಡುವಾಗ ಅವರ ಚೆಂಡು ತಾನಾಗಿ ಒಂದು ಪಕ್ಕಕ್ಕೆ ಸರಿಯತೊಡಗಿತು, ಅದೇ ಕಟರ್. ಬಹುತೇಕ ದಾರಿ ನೇರ ಬಂದು ಕೊನೇ ಗಳಿಗೆಯಲ್ಲಿ ಎಡಗೈ ಬ್ಯಾಟರ್‌ನ ಕೈಗಳತ್ತ ಸರಿಯುತ್ತದೆ, ಬ್ಯಾಟಿನ ದಪ್ಪ ಭಾಗದ ಬದಲು ತೆಳುವಾದ ಹಿಡಿಗೆ ತಗುಲುತ್ತದೆ. 1999ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಬ್ರೇವ್ಸ್‌ನ ರಯಾನ್ ಕ್ಲೆಸ್ಕೊ ಒಂದೇ ಸರದಿಯಲ್ಲಿ ಮೂರು ಬ್ಯಾಟ್ ಮುರಿದುಕೊಂಡರು. ಪ್ಲೇಆಫ್‌ಗಳಲ್ಲಿ (162 ಪಂದ್ಯದ ನಂತರದ ಸುತ್ತುಗಳಲ್ಲಿ) ಒಟ್ಟು 141 ಇನಿಂಗ್ಸ್ ಎಸೆದ ರಿವೇರಾ, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ, ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟದ್ದು 0.70 ರನ್.

ಕೈಕೊಟ್ಟದ್ದೂ ಅದೇ ಕಟರ್. 2001ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಅರಿಜೋನಾ ಎದುರು, ಒಂಬತ್ತನೇ ಇನಿಂಗ್ಸ್, 2–2, ಬೇಸ್ ಭರ್ತಿ, ಒಬ್ಬರು ಔಟ್. ರನ್ ತಡೆಯಲು ಟೋರಿ ಇನ್‌ಫೀಲ್ಡ್‌ನವರನ್ನು (ಬೇಸ್‌ಗಳ ಬಳಿಯ ಫೀಲ್ಡರ್‌ಗಳನ್ನು) ಮುಂದಕ್ಕೆ ಕರೆದರು. ಆದರೆ ಹಿಡಿಗೆ ತಗುಲಿದ ಚೆಂಡು ದೂರ ಹೋಗುವುದಿಲ್ಲ, ಮೆಲ್ಲಗೆ ಎದ್ದು ಇನ್‌ಫೀಲ್ಡ್ ಅಂಚಿಗೆ ಬೀಳುತ್ತದೆ. ಎಡಗೈನ ಲೂಯಿಸ್ ಗೊನ್ಸಾಲೆಜ್‌ರ ಚೆಂಡು ಬಿದ್ದದ್ದು ಅಲ್ಲೇ, ಜೀಟರ್ ಎಂದಿನ ಜಾಗದಲ್ಲಿ ನಿಂತಿದ್ದರೆ ಹಿಡಿಯಬಹುದಾಗಿದ್ದಲ್ಲಿ. ರನ್ ಬಂತು, ಸರಣಿ ಅರಿಜೋನಾ ಪಾಲಾಯಿತು.

ಅದೃಷ್ಟದ ಪಾಲನ್ನೂ ಮುಚ್ಚಿಡಬಾರದು. 1996ರಲ್ಲಿ ಬಾಲ್ಟಿಮೋರ್ ಎದುರು ಬೇಲಿಯ ಮೇಲಿಂದ ಬಾಗಿದ 12 ವರ್ಷದ ಹುಡುಗನ ಕೈಗೆ ತಾಕಿದ ಜೀಟರ್ ಹೊಡೆತವನ್ನು ಹೋಮ್ ರನ್ ಎಂದವರು ಅಂಪೈರ್ ರಿಚ್ ಗಾರ್ಸಿಯಾ. 1998ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಮಾರ್ಟಿನೆಜ್‌ಗೆ ಬಿದ್ದ, ನೋಡಿದವರಿಗೆ ಸ್ಟ್ರೈಕ್‌ನಂತೆ ಕಂಡ ಎಸೆತವನ್ನು ಬಾಲ್ ಎಂದವರೂ ಅವರೇ. ಮುಂದಿನ ಎಸೆತ ಗ್ರ್ಯಾಂಡ್ ಸ್ಲ್ಯಾಮ್, ಬೇಸ್ ಭರ್ತಿಯಿದ್ದಾಗಿನ ನಾಲ್ಕು ರನ್ನಿನ ಹೋಮ್ ರನ್. ಉದ್ದೀಪನ ಮದ್ದಿನ ಬಗೆಗಿನ 2007ರ ಮಿಚೆಲ್ ವರದಿಯಲ್ಲಿ ಈ ತಂಡಗಳ ಕೆಲವರ ಹೆಸರೂ ಇದೆ.

ದುಡ್ಡು ನಿಜಕ್ಕೂ ಸುರಿದದ್ದು ಆಮೇಲೆ. 2001ರ ಡಿಸೆಂಬರ್‌ನಲ್ಲಿ ಬೇರೆ ತಂಡದ ಬ್ಯಾಟರ್ ಜೇಸನ್ ಜಿಯಾಂಬಿಗೆ 12 ಕೋಟಿ ಡಾಲರ್, 2004ರಲ್ಲಿ ಬಂದ ದುಬಾರಿ ಆಟಗಾರ ಅಲೆಕ್ಸ್ ರಾಡ್ರಿಗಸ್, 2005ರಲ್ಲಿ ತಂಡದ ಸಂಬಳದ ಮೊತ್ತ 20 ಕೋಟಿ ಡಾಲರ್ ದಾಟಿತು. ಮುಂದಿನ ಪ್ರಶಸ್ತಿ ಬಂದದ್ದು 2009ರಲ್ಲಿ.

ಆದ್ದರಿಂದ ತಮ್ಮ ಲೇಖನದ ವಿಜೇತರ ಪಟ್ಟಿಯಲ್ಲಿ 1997ರ ಮುಂದೆ ಯಾಂಕೀಸ್ ತೆಗೆದು ಫ್ಲಾರಿಡಾ ಮಾರ್ಲಿನ್ಸ್ ಎಂದು ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ. ಮಾರ್ಲಿನ್ಸ್ ಮಾಲೀಕರು ಒಂದೇ ಚಳಿಗಾಲದಲ್ಲಿ ದೊಡ್ಡ ದೊಡ್ಡ ಆಟಗಾರರನ್ನು ಕೊಂಡು ಗೆದ್ದು, ಗೆದ್ದ ಕೂಡಲೇ ಆ ಆಟಗಾರರನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟರು. ಮರುವರ್ಷ 108 ಪಂದ್ಯ ಸೋತರು. ‘ಕೊಂಡ ಪ್ರಶಸ್ತಿ’ ಎಂಬ ಮಾತು ಬೇಕೇ ಬೇಕಿದ್ದರೆ ಆ ಸಾಲಿನಲ್ಲಿ ಉಳಿಸಿಕೊಳ್ಳಬಹುದು.

ಇತಿ,
ತಮ್ಮ ಓದುಗ