ಗಾಡಿ ಹೀಟ್ ಆದರೆ ಮೊದಲು ಫ್ಯಾನ್ ನೋಡಿ, ಹೆಡ್ ಆಮೇಲೆ ಬಿಚ್ಚಿ

ಸಂಪಾದಕರೇ,

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಜೋರಾಗುವ ಹೊತ್ತಿಗೇ ನಮ್ಮ ಕಡೆ ಬಿಸಿಲೂ ಏರುತ್ತದೆ. ಹುಬ್ಬಳ್ಳಿಯ ಗಬ್ಬೂರು ಕ್ರಾಸಿನಿಂದ ಹಾವೇರಿವರೆಗೆ ಹೈವೇ ಪಕ್ಕ ಕ್ಯಾಬಿನ್ ಎತ್ತಿ ನಿಂತ ಲಾರಿಗಳು ಕಾಣಿಸುತ್ತವೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು, ಗಾಡಿ ಹೀಟ್ ಆಗಿದೆ. ಹತ್ತಿರದ ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಒಂದೇ ಮಾತು, "ಹೆಡ್ ಹೋಗೇತ್ರಿ, ಬಿಚ್ಚಬೇಕು." ಹೆಡ್ ಎಂದರೆ ಎಂಜಿನ್ನಿನ ಮೇಲ್ಭಾಗ ಮುಚ್ಚುವ ಸಿಲಿಂಡರ್ ಹೆಡ್. ನಾನು ಒಬ್ಬ ಸಣ್ಣ ಲಾರಿ ಮಾಲೀಕ. ಎಂಜಿನ್ ತಂಪು ಮಾಡುವ ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡದೆ ಯಾರೂ ಹೆಡ್ ಬಿಚ್ಚಬಾರದು, ಮಾಲೀಕರೂ ಬಿಚ್ಚಲು ಬಿಡಬಾರದು ಎಂದು ಹೇಳಲಿಕ್ಕೇ ಈ ಪತ್ರ.

ಹೋದ ಬೇಸಿಗೆ ನಮ್ಮ ಗಾಡಿ ಅಂಕೋಲಾದಿಂದ ಲೋಡ್ ತರುವಾಗ ಅರಬೈಲ್ ಘಾಟಿನಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ದಾರಿಯ ಒಂದು ಗ್ಯಾರೇಜಿನಲ್ಲಿ ಹೆಡ್ ಇಳಿಸಿದರು, ಅದರ ಕೆಳಗಿನ ಗ್ಯಾಸ್ಕೆಟ್ ಬದಲಿಸಿದರು, ಎಂಜಿನ್ ನೀರು ತಂಪಾಗಿಸುವ ರೇಡಿಯೇಟರ್ ಬಿಚ್ಚಿ ಕಟ್ಟಿದ ಕಸ ತೆಗೆಯಲು ರಾಡ್ ಹೊಡೆಸಿದರು, ವಾಟರ್ ಬಾಡಿಯನ್ನೂ, ಅಂದರೆ ನೀರು ಸುತ್ತಿಸುವ ಪಂಪನ್ನೂ, ಹೊಸದು ಹಾಕಿದರು. ಬಿಲ್ ದೊಡ್ಡದೇ ಆಯಿತು. ಮುಂದಿನ ಟ್ರಿಪ್ಪಿನಲ್ಲಿ ಅದೇ ಘಾಟ್, ಅದೇ ಏರು, ಮತ್ತೆ ಅದೇ ಹೀಟ್. ಕೊನೆಗೆ ಹುಬ್ಬಳ್ಳಿಯ ಒಬ್ಬ ಹಿರಿಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಡ್ರೈವರನಿಗೆ ಒಂದೇ ಪ್ರಶ್ನೆ ಕೇಳಿದರು: "ಸಪಾಟ ರೋಡಿನ್ಯಾಗ ಹೀಟ್ ಆಗತೈತೋ, ಏರಿನ್ಯಾಗಷ್ಟೇ ಆಗತೈತೋ?"

ಆ ಪ್ರಶ್ನೆಯಲ್ಲಿಯೇ ಅರ್ಧ ಉತ್ತರ ಇದೆ. ಗಾಡಿ 60ರ ಸ್ಪೀಡಿನಲ್ಲಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರಿಗೆ ಬಡಿಯುತ್ತದೆ, ಫ್ಯಾನ್ ಕೆಲಸ ಕಡಿಮೆ. ಲೋಡ್ ಹೊತ್ತು ಸಣ್ಣ ಗೇರಿನಲ್ಲಿ ಘಾಟ್ ಹತ್ತುವಾಗ, ಇಲ್ಲಾ ಟ್ರಾಫಿಕ್ಕಿನಲ್ಲಿ ತೆವಳುವಾಗ, ಎಂಜಿನ್ ಶಾಖ ಜಾಸ್ತಿ, ಎದುರುಗಾಳಿ ಇಲ್ಲ. ಆಗ ಎಲ್ಲವೂ ಫ್ಯಾನ್ ಮೇಲೆಯೇ. ಅಲ್ಲಿ ಮಾತ್ರ ಹೀಟ್ ಆಗಿ, ಸಪಾಟ ರಸ್ತೆಗೆ ಬಂದ ಮೇಲೆ ಮುಳ್ಳು ಇಳಿದರೆ ಮೊದಲ ಅನುಮಾನ ಫ್ಯಾನ್ ಮೇಲೆ ಬರಬೇಕು. ಸ್ಪೀಡಿನಲ್ಲಿ ಓಡುವಾಗಲೂ ಹೀಟ್ ಆಗುತ್ತಿದ್ದರೆ ರೇಡಿಯೇಟರ್ ಕಟ್ಟಿದೆಯೇ, ನೀರು ಸರಿಯಾಗಿ ಸುತ್ತುತ್ತಿದೆಯೇ ನೋಡಬೇಕು.

ಬಹಳಷ್ಟು ಲಾರಿಗಳಲ್ಲಿ ಇರುವುದು ವಿಸ್ಕಸ್ ಫ್ಯಾನ್. ಫ್ಯಾನಿನ ನಡುವೆ ದುಂಡನೆಯ ಅಲ್ಯೂಮಿನಿಯಂ ಡಬ್ಬಿ ಇರುತ್ತದಲ್ಲ, ಅದೇ ಫ್ಯಾನ್ ಕ್ಲಚ್. ಅದರೊಳಗೆ ದಪ್ಪನೆಯ ಸಿಲಿಕೋನ್ ಎಣ್ಣೆ, ಮುಂದೆ ಎರಡು ಲೋಹ ಅಂಟಿಸಿದ ಒಂದು ಸಣ್ಣ ಪಟ್ಟಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಪಟ್ಟಿ ಬಾಗುತ್ತದೆ, ಒಳಗಿನ ವಾಲ್ವ್ ತೆರೆಯುತ್ತದೆ, ಎಣ್ಣೆ ನುಗ್ಗಿ ಫ್ಯಾನನ್ನು ಎಂಜಿನ್ ಜೊತೆ ಹಿಡಿದು ತಿರುಗಿಸುತ್ತದೆ. ತಣ್ಣಗಾದರೆ ಬಿಡುತ್ತದೆ. ಎಣ್ಣೆ ಸೋರಿಹೋದರೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ, ಗಾಳಿ ಎಳೆಯುವುದಿಲ್ಲ. ನೋಡುವವರಿಗೆ "ತಿರುಗ್ತಾ ಇದೆಯಲ್ಲ" ಅನ್ನಿಸುತ್ತದೆ. ಮೋಸ ಹೋಗುವುದೇ ಇಲ್ಲಿ.

ನಮ್ಮ ಗಾಡಿಯ ಡಬ್ಬಿಯ ಮೇಲೆ ನಡುವಿನಿಂದ ಹೊರಗೆ ಸಿಡಿದಂತೆ ಎಣ್ಣೆಯ ಗೆರೆಗಳು, ಅದರ ಮೇಲೆ ಕಪ್ಪು ಧೂಳು ಅಂಟಿಕೊಂಡಿತ್ತು. ಮೇಸ್ತ್ರಿ ಬಿಸಿ ಗಾಡಿಯ ಎಂಜಿನ್ ಬಂದ್ ಮಾಡಿಸಿದರು, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು, ಕೈಗವಸು ಹಾಕಿ ಫ್ಯಾನ್ ರೆಕ್ಕೆಯನ್ನು ತಳ್ಳಿದರು. ಸಲೀಸಾಗಿ ಸುತ್ತು ಹೊಡೆಯಿತು. ಬಿಸಿ ಇದ್ದಾಗ ಅದು ಬಿಗಿಯಾಗಿ ತಡೆಯಬೇಕಿತ್ತು. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಬೇರಿಂಗ್ ಕೂಡ ಸಡಿಲ. ಕ್ಲಚ್ ಬದಲಿಸಿದ ಮೇಲೆ ಅದೇ ಘಾಟನ್ನು ಅದೇ ಲೋಡಿನಲ್ಲಿ ಗಾಡಿ ಹತ್ತಿದೆ. ಹಾಗಾದರೆ ಹೆಡ್ ಇಳಿಸಿದ್ದು ಯಾಕೆ?

ಕಿವಿಯೂ ಕೆಲಸಕ್ಕೆ ಬರುತ್ತದೆ. ಏರಿನಲ್ಲಿ ಮುಳ್ಳು ಮೇಲೆ ಹೋಗುತ್ತಿದ್ದಂತೆ ಫ್ಯಾನ್ ಹಿಡಿದುಕೊಂಡರೆ ಭರ್ರೋ ಎಂದು ದೊಡ್ಡ ಸದ್ದು ಬರುತ್ತದೆ. ಆ ಸದ್ದು ಬಾರದೆ ಮುಳ್ಳು ಮಾತ್ರ ಏರುತ್ತಿದ್ದರೆ ಡ್ರೈವರ್ ಆಗಲೇ ಗಾಡಿಯನ್ನು ಬದಿಗೆ ಹಾಕಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಸದ್ದು ಬಂದು ನಿಲ್ಲುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ದಿನವಿಡೀ ಸದ್ದು ನಿಲ್ಲದೇ ಇದ್ದರೆ ಕ್ಲಚ್ ಜಾಮ್ ಆಗಿದೆ ಎಂದರ್ಥ. ಗಾಡಿ ಹೀಟ್ ಆಗುವುದಿಲ್ಲ ನಿಜ, ಆದರೆ ಪಿಕಪ್ ಬೀಳುತ್ತದೆ, ಡೀಸೆಲ್ ಕುಡಿಯುತ್ತದೆ. ಕೆಲವರು ಕೆಟ್ಟ ಕ್ಲಚ್ಚಿಗೆ ಬೋಲ್ಟ್ ಹಾಕಿ ಕಾಯಂ ಲಾಕ್ ಮಾಡಿ ವರ್ಷಗಟ್ಟಲೆ ಓಡಿಸುತ್ತಾರೆ. ಊರು ಮುಟ್ಟಲಿಕ್ಕೆ ಸರಿ, ಅದೇ ರಿಪೇರಿ ಅಲ್ಲ.

ಹೊಸ ಗಾಡಿಗಳಲ್ಲಿ ಫ್ಯಾನನ್ನು ಕಂಪ್ಯೂಟರ್ ನಡೆಸುತ್ತದೆ. ಅಲ್ಲಿ ಫ್ಯೂಸ್, ರಿಲೇ, ಕನೆಕ್ಟರ್, ಟೆಂಪರೇಚರ್ ಸೆನ್ಸರ್ ನೋಡಿ, ದೋಷ ಓದುವ ಸ್ಕ್ಯಾನರ್ ಹಾಕಿಸಿ, ಆಮೇಲೆ ಉಳಿದ ಮಾತು. ಕೆಲವು ಗಾಡಿಗಳಲ್ಲಿ ವೈರ್ ಕಡಿದರೆ ಎಂಜಿನ್ ಸುಡದಿರಲಿ ಎಂದು ಫ್ಯಾನ್ ಪೂರ್ತಿ ಸ್ಪೀಡಿಗೆ ಹೋಗುವ ಹಾಗೆ ಮಾಡಿರುತ್ತಾರೆ. ಅಂಥ ಗಾಡಿ ತಂದವನಿಗೆ ಹೊಸ ಕ್ಲಚ್ ಮಾರುವುದು ಅನ್ಯಾಯ.

ಫ್ಯಾನ್ ಸರಿ ಇದ್ದೂ ಗಾಳಿ ಹೋಗದೇ ಇರಬಹುದು. ನಮ್ಮ ಕಡೆ ಇದು ಜಾಸ್ತಿ. ಗದಗ ಕಡೆಯ ಹತ್ತಿ ಎಳೆ, ಮೆಣಸಿನಕಾಯಿ ಹೊಟ್ಟು, ಕೆಂಪು ಧೂಳು ಎಲ್ಲ ಸೇರಿ, ಎಂಜಿನ್ನಿಗೆ ಹೋಗುವ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ, ಟಾರ್ಚ್ ಹಿಡಿದು ಸಂದಿಯಲ್ಲಿ ನೋಡಬೇಕು. ಎಂಜಿನ್ ಕಡೆಯಿಂದ ಹೊರಗೆ ಹೋಗುವ ಹಾಗೆ ನಿಧಾನಕ್ಕೆ ನೀರು ಬಿಡಬೇಕು. ಪ್ರೆಶರ್ ಜಾಸ್ತಿಯಾದರೆ ರೇಡಿಯೇಟರಿನ ತೆಳು ತಗಡುಗಳು, ಅಂದರೆ ಫಿನ್, ಮಡಚಿಹೋಗುತ್ತವೆ. ಫ್ಯಾನ್ ಸುತ್ತಲಿನ ಕವಚ (ಶ್ರೌಡ್) ಒಡೆದಿದ್ದರೆ, ಬೆಲ್ಟ್ ಸಡಿಲ ಇದ್ದರೆ ಅದೂ ಕಾರಣವೇ.

ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿಯನ್ನೂ ಬಿಡಬೇಕು. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ. ಒಂದಿಷ್ಟು ನೀರು ರೇಡಿಯೇಟರ್ ಮುಟ್ಟದೆ ಹಾಗೇ ತಿರುಗಿ ಬರುತ್ತದೆ, ಹೀಟ್ ಇನ್ನೂ ಹೆಚ್ಚಾಗಬಹುದು. ರೇಡಿಯೇಟರಿಗೆ ಹಾಕುವ ಕೂಲೆಂಟ್ ದ್ರವದ ಬದಲು ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ.

ಹೆಡ್ ಗ್ಯಾಸ್ಕೆಟ್ ಎಂದೂ ಹೋಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೂ ಗುರುತುಗಳಿವೆ, ಅಲ್ವಾ? ಕೂಲೆಂಟ್ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಬರುವುದು, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುವುದು, ಎಲ್ಲಿಯೂ ಸೋರದೆ ಕೂಲೆಂಟ್ ಕಡಿಮೆಯಾಗುವುದು. ಇವನ್ನು ತೋರಿಸಿ ಎಂದು ಕೇಳುವ ಹಕ್ಕು ದುಡ್ಡು ಕೊಡುವ ಮಾಲೀಕನಿಗೆ ಇದೆ.

ಡ್ರೈವರ್, ಕ್ಲೀನರ್ ಹುಡುಗರಿಗೆ ಕೈಮುಗಿದು ಒಂದು ಮಾತು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಮುಖಕ್ಕೆ ಹಾರುತ್ತದೆ. ಎಂಜಿನ್ ಓಡುವಾಗ ಫ್ಯಾನ್ ಹತ್ತಿರ ಕೈ, ಟವೆಲ್ ಒಯ್ಯಬೇಡಿ.

ನಮ್ಮ ಧಾರವಾಡದಲ್ಲಿ ಟಾಟಾ ಗಾಡಿಗಳು ತಯಾರಾಗುತ್ತವೆ. ಇಂಥ ಕಡೆ ಮಾಲೀಕನೊಬ್ಬ ಫ್ಯಾನ್ ಕ್ಲಚ್ ನೋಡುವುದು ಹೇಗೆ ಎಂದು ಕಲಿಯಲು ಒಂದು ಬಿಲ್ ತೆರಬೇಕೇ? ಹುಬ್ಬಳ್ಳಿ, ಗದಗ, ಹಾವೇರಿಯ ಲಾರಿ ಮಾಲೀಕರ ಸಂಘಗಳು ಸೀಸನ್ ಶುರುವಾಗುವ ಮೊದಲು ಐಟಿಐ ಶಿಕ್ಷಕರನ್ನು, ಹಳೆ ಮೇಸ್ತ್ರಿಗಳನ್ನು ಕರೆಸಿ ಡ್ರೈವರ್‌ಗಳಿಗೆ ಗಾಡಿ ಮುಂದೆಯೇ ಇದನ್ನು ತೋರಿಸಲಿ. ಗ್ಯಾರೇಜಿನವರು ಹೆಡ್ ಬಿಚ್ಚುವ ಮೊದಲು ಫ್ಯಾನ್, ಬೆಲ್ಟ್, ರೇಡಿಯೇಟರ್ ನೋಡಿದ್ದೇವೆ ಎಂದು ಜಾಬ್ ಕಾರ್ಡಿನಲ್ಲಿ ಬರೆದುಕೊಡಲಿ. ಬರೆದುಕೊಡದಿದ್ದರೆ ಮಾಲೀಕರು ಕೆಲಸಕ್ಕೆ ಒಪ್ಪಬೇಡಿ.

— ಒಬ್ಬ ಲಾರಿ ಮಾಲೀಕ, ಹುಬ್ಬಳ್ಳಿ