ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ: ನಮ್ಮ ಮಕ್ಕಳಿಗೆ ಎರಡನೇ ತೋಟಾ ಬೇಕು

ಮಾನ್ಯ ಕ್ರೀಡಾ ಸಚಿವರಿಗೆ,

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಿಂದ ನಮಸ್ಕಾರಗಳು.

ನನ್ನ ಮಗಳು ಟ್ರ್ಯಾಪ್ ಶೂಟಿಂಗ್ ಆಡುತ್ತಾಳೆ. ಮೆಷಿನ್ ಚಿಮ್ಮಿಸಿದ ಕ್ಲೇ ಬಿಲ್ಲೆಯನ್ನು ಗಾಳಿಯಲ್ಲೇ ಹೊಡೆದು ಪುಡಿ ಮಾಡುವ ಆಟ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು ಅಲ್ಲಿಂದ ಇದಕ್ಕೆ ಬಂದಳು. ವರ್ಷಗಟ್ಟಲೆ ಅರ್ಜಿ ಕೊಟ್ಟೆವು, ಕಚೇರಿ ಅಲೆದೆವು, ನೋಡೋಣ ಅನ್ನುವ ಮಾತು ಕೇಳಿದೆವು. ಇನ್ನು ಅರ್ಜಿ ಬರೆಯುವ ತಾಳ್ಮೆ ನನಗಿಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಈ ಪತ್ರ.

ನಾವು ಕೇಳುವುದು ಇಷ್ಟೇ. ಮೈಸೂರು-ಮಂಡ್ಯ ಭಾಗಕ್ಕೆ ಒಂದು ಸರ್ಕಾರಿ ಟ್ರ್ಯಾಪ್ ರೇಂಜ್, ಅಂದರೆ ಈ ಆಟದ ಅಭ್ಯಾಸಕ್ಕೆ ಒಂದು ಬಯಲು ಕೊಡಿ. ರಾಜ್ಯ ಮಟ್ಟದಲ್ಲಿ ಆಡುವ ಮಕ್ಕಳಿಗೆ ತೋಟಾ (ಬಂದೂಕಿಗೆ ಹಾಕುವ ಕಾರ್ಟ್ರಿಜ್) ಮತ್ತು ಕ್ಲೇ ಅರ್ಧ ಬೆಲೆಗೆ ಸಿಗುವ ಹಾಗೆ ಮಾಡಿ.

ಆಟದ ನಿಯಮ ತಮಗೆ ಗೊತ್ತೇ ಇದೆ. ಒಂದು ರೌಂಡಿಗೆ 25 ಕ್ಲೇ. ಒಂದೊಂದಕ್ಕೂ ಎರಡು ಸಲ ಹೊಡೆಯಲು ಅವಕಾಶ. ಅಂದರೆ ಒಂದು ರೌಂಡಿಗೆ 50 ತೋಟಾ ಕೈಯಲ್ಲಿರಬೇಕು. ಪಂದ್ಯದ ಅರ್ಹತಾ ಸುತ್ತಿಗೆ 125 ಕ್ಲೇ. ಮೊದಲು ಹೆಣ್ಣುಮಕ್ಕಳಿಗೆ 75 ಇತ್ತು, 2018ರಿಂದ ಅವರಿಗೂ ಗಂಡುಮಕ್ಕಳಷ್ಟೇ. ಇದು ಬಹಳ ಒಳ್ಳೆಯ ಕೆಲಸ, ನನಗೆ ಸಂತೋಷ ಇದೆ. ಆದರೆ ಹೆಚ್ಚಾದ 50 ಕ್ಲೇಗೆ ಅಭ್ಯಾಸದ ಖರ್ಚು ಕೊಡುವವರು ಯಾರು?

ಕ್ಲೇ ಅಂದರೆ 110 ಮಿಲಿಮೀಟರ್ ಅಗಲದ, 105 ಗ್ರಾಂ ತೂಕದ ಬಿಲ್ಲೆ. ಸುಣ್ಣಕಲ್ಲಿನ ಪುಡಿಗೆ ಪಿಚ್ ಅನ್ನುವ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿರುತ್ತಾರೆ. ಗುರಿ ತಗುಲಿದರೂ ಹೋಯಿತು, ತಪ್ಪಿದರೆ ನೆಲಕ್ಕೆ ಬಿದ್ದು ಹೋಯಿತು. ಪೆಟ್ಟಿಗೆಯಲ್ಲಿ ಬರುವಾಗಲೇ ಒಂದಷ್ಟು ಒಡೆದಿರುತ್ತವೆ. ಅವಕ್ಕೂ ದುಡ್ಡು ಕೊಟ್ಟಿರುತ್ತೇವೆ. ತೋಟಾ ಬೆಲೆಯಂತೂ ಕೇಳಲೇಬೇಡಿ. ಒಳ್ಳೆಯ ತೋಟಾ ಹೊರದೇಶದಿಂದ ಬರಬೇಕು. ಯೂರೋ ಏರಿದರೆ ಏರುತ್ತದೆ, ಸೀಸ ಏರಿದರೆ ಏರುತ್ತದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಗುಂಡಿಗೂ ತೋಟಾದ ಮದ್ದಿಗೂ ಬೇಕಾದ ನೈಟ್ರೋಸೆಲ್ಯುಲೋಸ್‌ಗೆ ಎಲ್ಲ ಕಡೆ ಕಿತ್ತಾಟ. ಎಲ್ಲೋ ನಡೆಯುವ ಯುದ್ಧದ ಬಿಲ್ ನಮ್ಮ ಮನೆ ಬಾಗಿಲಿಗೂ ಬಂತು.

ನಾವು ಕಬ್ಬು ಬೆಳೆಯುವವರು. 2025-26ಕ್ಕೆ ಕಾರ್ಖಾನೆ ರೈತರಿಗೆ ಕೊಡಲೇಬೇಕು ಅಂತ ಕೇಂದ್ರ ನಿಗದಿ ಮಾಡಿದ ಕಬ್ಬಿನ ಬೆಲೆ, ಅಂದರೆ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಇದ್ದರೆ. ಕಟಾವು, ಸಾಗಣೆ ಕಳೆದು ಕೈಗೆ ಬರುವುದು ಎಷ್ಟು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ನನ್ನ ಮಗಳು ಒಂದು ದಿನ ಸರಿಯಾಗಿ ಅಭ್ಯಾಸ ಮಾಡಿದರೆ ಒಂದು ಟನ್ ಕಬ್ಬಿನ ದುಡ್ಡು ಸಾಲುವುದಿಲ್ಲ. ಗದ್ದೆಯಲ್ಲಿ ವರ್ಷ ನಿಂತ ಬೆಳೆ ಅದು, ಸ್ವಾಮಿ.

ಹಾಗಂತ ನಾವು ಕೈಕಟ್ಟಿ ಕೂತಿಲ್ಲ. ಬಂದೂಕು ಸೆಕೆಂಡ್‌ಹ್ಯಾಂಡ್. ಅದಕ್ಕೆ ನನ್ನ ಬಳೆ ಹೋದವು, ಆ ಬಗ್ಗೆ ದುಃಖವಿಲ್ಲ. ಅಭ್ಯಾಸಕ್ಕೆ ಹೈದರಾಬಾದ್ ಕಡೆ ಹೋಗುವಾಗ ಬೇರೆ ಮಕ್ಕಳ ಜೊತೆ ಒಂದೇ ಕಾರಿನಲ್ಲಿ ಖರ್ಚು ಹಂಚಿಕೊಂಡು ಹೋಗುತ್ತಾಳೆ. ಮನೆಯಲ್ಲಿದ್ದಾಗ ದಿನಾ ಬೆಳಗ್ಗೆ ಖಾಲಿ ಬಂದೂಕು ಭುಜಕ್ಕೇರಿಸಿ, ಕೆನ್ನೆ ಒತ್ತಿ, ಗೋಡೆಯ ಉದ್ದಕ್ಕೂ ನಳಿಗೆ ತಿರುಗಿಸುತ್ತಾಳೆ. ಗೋಡೆಗೆ ಬಣ್ಣದ ಟೇಪ್ ಅಂಟಿಸಿದ್ದಾಳೆ, ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ಕ್ಲೇ ಹಾರುವ ದಾರಿ ಅಂತೆ.

ಇದಕ್ಕಿಂತ ದೊಡ್ಡ ಉಳಿತಾಯ ಒಂದಿದೆ. ಅದೇ ನಮಗೆ ಮುಳುವಾಯಿತು. ಅಭ್ಯಾಸದಲ್ಲಿ ಒಂದು ಕ್ಲೇಗೆ ಒಂದೇ ತೋಟಾ ಹಾಕುತ್ತಾಳೆ. ಎರಡನೇ ನಳಿಗೆ ಖಾಲಿ. 'ಫೈನಲ್‌ನಲ್ಲಿ ಹೇಗೂ ಒಂದು ಕ್ಲೇಗೆ ಒಂದೇ ಗುಂಡು ಅಲ್ವಾ ಅಮ್ಮ' ಅಂತ ನನಗೆ ಸಮಾಧಾನ ಹೇಳುತ್ತಿದ್ದಳು. ಕಳೆದ ಸಲದ ಪಂದ್ಯದಲ್ಲಿ ಅರ್ಹತಾ ಸುತ್ತಿನ ಕೊನೆಯ ರೌಂಡು. ಬಲಕ್ಕೆ ಹಾರಿದ ಕ್ಲೇ, ಮೊದಲ ಗುಂಡು ತಪ್ಪಿತು. ಎರಡನೆಯದು ಹೊಡೆಯಲು ಸಮಯ ಇತ್ತು. ಬಂದೂಕಿನಲ್ಲಿ ತೋಟಾ ಕೂಡ ಇತ್ತು. ಆದರೆ ಅವಳ ಬೆರಳು ಅಲುಗಲಿಲ್ಲ. ಅಭ್ಯಾಸದಲ್ಲಿ ಇಲ್ಲದ್ದು ಪಂದ್ಯದಲ್ಲಿ ಎಲ್ಲಿಂದ ಬರಬೇಕು? ಒಂದೇ ಒಂದು ಕ್ಲೇಯಲ್ಲಿ ಆಯ್ಕೆ ತಪ್ಪಿತು.

ಒಂದು ಪಾಯಿಂಟ್ ತಾನೇ ಅನ್ನಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ (ಇದೂ ಕ್ಲೇ ಹೊಡೆಯುವ ಆಟವೇ) ಮಿಶ್ರ ತಂಡದ ಕಂಚು ನಮ್ಮ ಮಹೇಶ್ವರಿ ಚೌಹಾಣ್, ಅನಂತ್‌ಜೀತ್ ಸಿಂಗ್ ನರೂಕಾ ಕೈತಪ್ಪಿದ್ದೂ ಒಂದೇ ಪಾಯಿಂಟಿಗೆ, 44-43.

ಈಗ ಒಂದು ಕಚೇರಿಯಲ್ಲಿ ನಡೆದದ್ದು ಹೇಳುತ್ತೇನೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ತೋಟಾ ಖರ್ಚಿಗೆ ಸಹಾಯ ಕೇಳಿ ಅರ್ಜಿ ಹಾಕಿದ್ದೆವು. ಅಧಿಕಾರಿ ಮೊದಲು ಕೇಳಿದ್ದು 'ಇದು ಒಲಿಂಪಿಕ್ಸ್‌ನಲ್ಲಿ ಇದೆಯಾ?' ಅಂತ. 1900ರಲ್ಲೇ ಟ್ರ್ಯಾಪ್ ಒಲಿಂಪಿಕ್ಸ್‌ನಲ್ಲಿ ಇತ್ತು, ಹೆಣ್ಣುಮಕ್ಕಳಿಗೆ 2000ದ ಸಿಡ್ನಿಯಿಂದ ಇದೆ ಅಂತ ಮಗಳೇ ಹೇಳಿದಳು. ಆಮೇಲೆ ಬಿಲ್ ಕೇಳಿದರು, ಕೊಟ್ಟೆವು. ಬಿಲ್ ಸಾಲದು, ತೋಟಾ ನಿಜವಾಗಿ ಹೊಡೆದಿದ್ದೀರಿ ಅನ್ನುವುದಕ್ಕೆ ಹೊಡೆದ ಮೇಲೆ ಉಳಿಯುವ ಖಾಲಿ ಕೇಸ್ ತಂದು ತೋರಿಸಿ ಅಂದರು.

ತಂದೆವು. ಯೂರಿಯಾ ಚೀಲದ ತುಂಬಾ ಕೆಂಪು ಪ್ಲಾಸ್ಟಿಕ್ ಕೇಸುಗಳು, ಹಿತ್ತಾಳೆ ಬಣ್ಣದ ತಳ. ಒಂದೊಂದಕ್ಕೂ ಮದ್ದಿನ ವಾಸನೆ. ಗೇಟಿನಲ್ಲೇ ಕಾವಲಿನವರು ತಡೆದರು. ಗುಂಡು ತಂದಿದ್ದೀರಾ ಅಂತ ಪೊಲೀಸರಿಗೆ ಫೋನ್ ಮಾಡಿದರು. ಬಂದವರು ಚೀಲ ಸುರಿಸಿ ನೋಡಿದರು. ಜನ ಸುತ್ತ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿದರು. ನನ್ನ ಮಗಳು ನೆಲದ ಮೇಲೆ ಕೂತು ಒಂದೊಂದೇ ಕೇಸ್ ಆರಿಸಿ ಮತ್ತೆ ಚೀಲಕ್ಕೆ ತುಂಬಿದಳು. ತರಲು ಹೇಳಿದ ಅಧಿಕಾರಿ ಕೆಳಗೆ ಇಳಿದು ಬರಲಿಲ್ಲ. ಮೀಟಿಂಗ್ ಅಂತೆ. ಸಂಜೆ ಗುಮಾಸ್ತರೊಬ್ಬರು ಬಂದು 'ಫೋಟೋ ಕಳಿಸಿದ್ದರೆ ಸಾಕಿತ್ತಮ್ಮ, ಕಬ್ಬು ಬೆಳೆಯೋರಿಗೆ ಈ ಆಟ ಯಾಕೆ ಬೇಕಿತ್ತು' ಅಂದರು.

ಸಚಿವರೇ, ಈ ಮಾತು ನಾನು ಮರೆಯುವುದಿಲ್ಲ. ಸಹಾಯ ಕೊಡದಿದ್ದರೆ ಬೇಡ, ಅವಮಾನ ಮಾಡುವ ಹಕ್ಕು ಯಾರು ಕೊಟ್ಟರು? ಕಬ್ಬು ಬೆಳೆಯುವವರ ಮಗಳು ಗುರಿ ಇಡಬಾರದು ಅಂತ ಯಾವ ನಿಯಮದಲ್ಲಿದೆ?   ಈ ಪತ್ರ ತೋಟಾಗಾಗಿ, ರೇಂಜಿಗಾಗಿ.

ಇದು ಶ್ರೀಮಂತರ ಆಟ ಅನ್ನುವವರು ಭೋಪಾಲಿನ ಕಡೆ ನೋಡಲಿ. ಅಲ್ಲಿ ಮಧ್ಯಪ್ರದೇಶ ಸರ್ಕಾರವೇ ಶೂಟಿಂಗ್ ಅಕಾಡೆಮಿ ನಡೆಸುತ್ತದೆ. ಮೀನುಗಾರರ ಮಗಳು ಮನೀಷಾ ಕೀರ್ ಅಲ್ಲಿ ಕಲಿತವರು. ಡ್ರೈಕ್ಲೀನಿಂಗ್ ಅಂಗಡಿಯವರ ಮಗಳು ಪ್ರೀತಿ ರಜಕ್ ಕೂಡ ಅದೇ ರಾಜ್ಯದವರು. ಇಬ್ಬರೂ ರಾಜೇಶ್ವರಿ ಕುಮಾರಿ ಜೊತೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಟ್ರ್ಯಾಪ್ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಸರ್ಕಾರ ಕೈ ಹಿಡಿದರೆ ಬಡವರ ಮಕ್ಕಳೂ ಗೆಲ್ಲುತ್ತಾರೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು?

ನಾವು ಆಕಾಶ ಕೇಳುತ್ತಿಲ್ಲ. ಒಲಿಂಪಿಕ್ ರೇಂಜಿಗೆ ಕಂದಕದಲ್ಲಿ 15 ಮೆಷಿನ್ ಬೇಕು, ಅಷ್ಟು ಬೇಡ. ತಾನೇ ದಿಕ್ಕು ಬದಲಿಸಿ ಎಸೆಯುವ ಒಂದು ಆಟೋಮ್ಯಾಟಿಕ್ ಮೆಷಿನ್ ಇದ್ದರೂ ಅಭ್ಯಾಸ ಶುರುವಾಗುತ್ತದೆ. ಮುಂದೆ ಜನ, ದನ ಓಡಾಡದ ಸುಮಾರು 300 ಮೀಟರ್ ಬಯಲು ಬೇಕು. ಎರಡು ಜಿಲ್ಲೆಯಲ್ಲಿ ಅಷ್ಟು ಸರ್ಕಾರಿ ಜಾಗ ಇಲ್ಲ ಅಂದರೆ ನಾನು ನಂಬುವುದಿಲ್ಲ. ಹಾಸನ, ಚಾಮರಾಜನಗರದ ಮಕ್ಕಳೂ ಬರುತ್ತಾರೆ. ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಕೊಡಗಿನ ಮಕ್ಕಳಂತೂ ಓಡಿ ಬರುತ್ತಾರೆ.

ಮತ್ತೆ ಕೇಳುತ್ತೇನೆ. ಒಂದು ರೇಂಜ್ ಕೊಡಿ. ತೋಟಾ, ಕ್ಲೇ ಅರ್ಧ ಬೆಲೆಗೆ ಕೊಡಿ. ಬೇಕಾದರೆ ಮಕ್ಕಳ ಸ್ಕೋರ್ ನೋಡಿ ಕೊಡಿ, ಲೆಕ್ಕ ಇಟ್ಟು ಕೊಡಿ, ಆದರೆ ಕೊಡಿ. ಮುಂದಿನ ಆಯ್ಕೆ ಪಂದ್ಯ ಬರುವ ಮೊದಲು ಕೊಡಿ.

ಜಾಗ ನೋಡಲು ಯಾರನ್ನಾದರೂ ಕಳಿಸಿದರೆ ನಾವೇ ಜೊತೆಗೆ ಬಂದು ತೋರಿಸುತ್ತೇವೆ. ಆಗುವುದಿಲ್ಲ ಅನ್ನುವುದಾದರೆ ಅದನ್ನೂ ಬರೆದು ತಿಳಿಸಿ, ಯಾಕೆ ಆಗುವುದಿಲ್ಲ ಅಂತ ಕಾರಣ ಸಮೇತ. ಸುಮ್ನೆ 'ನೋಡೋಣ' ಅನ್ನಬೇಡಿ.

ಇಂತಿ,
ಒಬ್ಬ ಟ್ರ್ಯಾಪ್ ಶೂಟರ್‌ನ ತಾಯಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ