ನಮ್ಮ ಮಾತು ಕೇಳಿಸಿಕೊಂಡವರಿಗೆ

ಆಂಬುಲೆನ್ಸ್‌ನಲ್ಲಿ ಹೋಗಿ ತುರ್ತು ಚಿಕಿತ್ಸೆ ಕೊಡುವ ಕೆಲಸ ನನ್ನದು. ಈಗ ಹಿರಿಯ ಪ್ಯಾರಾಮೆಡಿಕ್ ಹುದ್ದೆ ಸಿಕ್ಕಿದೆ. ಜೊತೆಗೆ ಹೊಸದಾಗಿ ಸೇರುವವರಿಗೆ ತರಬೇತಿ ಕೊಡುವ ಹೊಣೆಯೂ ಬಂದಿದೆ. ಸುದ್ದಿ ಗೊತ್ತಾದಾಗಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಹಾರೈಸಿದ ಪ್ರತಿಯೊಬ್ಬರಿಗೂ ಮನಸಾರೆ ಧನ್ಯವಾದ. ಆದರೆ ನಾನು ಋಣಿಯಾಗಿರುವ ಎಷ್ಟೋ ಜನ ಆ ಮೆಸೇಜುಗಳಲ್ಲಿ ಇಲ್ಲ. ಕೆಲವರಿಗೆ ನನ್ನ ಹೆಸರೂ ಗೊತ್ತಿರಲಿಕ್ಕಿಲ್ಲ. ಅವರಿಗೂ ತಲುಪಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಹೊರಗಿನವರಿಗೆ ಕಾಣುವುದು ಸೈರನ್ನು, ಓಟ, ಸ್ಟ್ರೆಚರು. ಎಲ್ಲಕ್ಕಿಂತ ಮುಖ್ಯವಾದ ಒಂದು ನಿಮಿಷ ಯಾರ ಕಣ್ಣಿಗೂ ಬೀಳುವುದಿಲ್ಲ. ಎಮರ್ಜೆನ್ಸಿ ಬಾಗಿಲು ದಾಟಿ ರೋಗಿಯನ್ನು ಒಪ್ಪಿಸುವ ನಿಮಿಷ ಅದು. ಹ್ಯಾಂಡೋವರ್ ಅನ್ನುತ್ತೇವೆ. ವಯಸ್ಸು, ಎಷ್ಟು ಹೊತ್ತಿಗೆ ಆಯಿತು, ಹೇಗಾಯಿತು, ಎಲ್ಲಿ ಏಟು, ನಾಡಿ, ಬಿಪಿ, ಉಸಿರು ಹೇಗಿದೆ, ನಾವು ಏನು ಕೊಟ್ಟೆವು. ಈ ಕ್ರಮದಲ್ಲಿ ಹೇಳಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಅದರಲ್ಲಿ ಕೆಲವು ವಿಷಯ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪ್ರಜ್ಞೆ ತಪ್ಪಿ ಬಿದ್ದರೋ, ಬಿದ್ದ ಮೇಲೆ ಪ್ರಜ್ಞೆ ತಪ್ಪಿತೋ? ಹಾಸಿಗೆ ಪಕ್ಕ ಖಾಲಿ ಮಾತ್ರೆ ಸ್ಟ್ರಿಪ್ ಇತ್ತಾ? ಕಾರಿನ ಸ್ಟಿಯರಿಂಗ್ ಬಾಗಿತ್ತಾ? ಲಕ್ವ ಹೊಡೆದವರು ಸರಿಯಾಗಿದ್ದದ್ದನ್ನು ಮನೆಯವರು ಕೊನೆಯ ಸಲ ನೋಡಿದ್ದು ಯಾವಾಗ? ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಗಾಬರಿಯಲ್ಲಿರುವ ಮನೆಯವರ ಹತ್ತಿರ ಸಮಾಧಾನವಾಗಿ ಕೇಳಿ, ಆ ಸಮಯವನ್ನು ಗ್ಲೌಸ್ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬರುವವರು ನಾವು.

ಅದನ್ನು ಕೇಳಿಸಿಕೊಳ್ಳುವವರು ಇರಬೇಕು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಗೌರವ ಅಂದರೆ ಮೊದಲು ಅದು. ಹುದ್ದೆ, ಪದಕ ಎಲ್ಲಾ ಆಮೇಲೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಸಿಗಲಿಲ್ಲ. ಒಂದು ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ "ಆಯ್ತು ಆಯ್ತು, ಬೆಡ್‌ಗೆ ಹಾಕಿ ಹೋಗಿ" ಅನ್ನುತ್ತಿದ್ದರು. ಬರೆದುಕೊಟ್ಟ ಹಾಳೆ ಸ್ಟ್ರೆಚರ್ ಕೆಳಗೆ ಬಿದ್ದಿರುತ್ತಿತ್ತು. ದಾರಿಯಲ್ಲಿ ಏನು ಔಷಧಿ ಹೋಗಿದೆ ಅಂತ ತಿಳಿಯದೆ ಮತ್ತೆ ಅದನ್ನೇ ಕೊಟ್ಟರೆ ತೊಂದರೆ ರೋಗಿಗೆ, ಅಲ್ವಾ? ಅಲ್ಲಿದ್ದವರಿಗೂ ಕೈತುಂಬಾ ಕೆಲಸ, ಒಪ್ಪುತ್ತೇನೆ. ಆದರೂ ಅಂಥ ದಿನ ಮನೆಗೆ ಹೋಗುವಾಗ ಮೈಯ ಸುಸ್ತಿಗಿಂತ ಇದೇ ಜಾಸ್ತಿ ಕಾಡುತ್ತಿತ್ತು.

ಹಾಗಾಗಿ ಒಬ್ಬ ಡ್ಯೂಟಿ ಡಾಕ್ಟರಿಗೆ ಮೊದಲು ಧನ್ಯವಾದ ಹೇಳಬೇಕು. ಹೆಸರು ಹಾಕಿದರೆ ಅವರಿಗೆ ಇಷ್ಟವಾಗುವುದಿಲ್ಲ. ಓದಿದರೆ ತಮ್ಮ ವಿಷಯವೇ ಅಂತ ಗೊತ್ತಾಗುತ್ತದೆ.

ಅವತ್ತು ನಾವು ಕರೆತಂದದ್ದು ಮಧ್ಯವಯಸ್ಸಿನ ಒಬ್ಬರನ್ನು. ಹೊಟ್ಟೆ ಉರಿ, ವಾಂತಿ ಬಂದ ಹಾಗೆ ಆಗುತ್ತಿದೆ ಅಂತ ಕರೆ ಬಂದಿತ್ತು. ಹೋಗಿ ನೋಡಿದರೆ ಅಂಗಿ ಬೆವರಿನಲ್ಲಿ ತೊಯ್ದುಹೋಗಿದೆ. ಕೈ ತಣ್ಣಗಿದೆ. ಬರೀ ಹೊಟ್ಟೆ ಉರಿಗೆ ಯಾರೂ ಹಾಗೆ ಬೆವರುವುದಿಲ್ಲ. ಗಾಡಿಯಲ್ಲೇ ಇಸಿಜಿ ತೆಗೆದೆ. ಹೃದಯದ ಕೆಳಭಾಗದಲ್ಲಿ ಹಾರ್ಟ್ ಅಟ್ಯಾಕ್ ಆಗುತ್ತಿರುವುದು ಕಾಣಿಸಿತು. ಇಂಥ ಕಡೆ ಹೃದಯದ ಬಲಭಾಗಕ್ಕೂ ಏಟಾಗಿದೆಯಾ ಅಂತ ನೋಡಬೇಕು. ಒಂದು ಎಲೆಕ್ಟ್ರೋಡನ್ನು ಎದೆಯ ಬಲಗಡೆಗೆ ಹಾಕಿ ಇನ್ನೊಂದು ಇಸಿಜಿ ತೆಗೆದರೆ ಅದು ತಿಳಿಯುತ್ತದೆ. ತೆಗೆದೆ. ಏಟಾಗಿತ್ತು. ಬಲಭಾಗ ಸೋತಿರುವಾಗ, ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಕೊಟ್ಟರೆ ಬಿಪಿ ದಿಢೀರನೆ ಕುಸಿಯಬಹುದು. ಅವರ ಬಿಪಿ ಮೊದಲೇ ಕಡಿಮೆ ಇತ್ತು. ಆಸ್ಪಿರಿನ್ ಅಗಿಯಲು ಕೊಟ್ಟೆ. ನೈಟ್ರೋಗ್ಲಿಸರಿನ್ ಮುಟ್ಟಲಿಲ್ಲ. ಎರಡೂ ಇಸಿಜಿಗಳನ್ನು ಆಸ್ಪತ್ರೆಗೆ ಮುಂಚೆಯೇ ಕಳಿಸಿದೆ.

ಬಾಗಿಲಲ್ಲೇ ಆ ಡಾಕ್ಟರು ನಿಂತಿದ್ದರು. ಒಳಗೆ ಮಾನಿಟರ್ ವೈರು, ಡ್ರಿಪ್ಪು ಅಂತ ಎಲ್ಲರೂ ಓಡಾಡುತ್ತಿದ್ದರು. ಅವರು ಕೈ ಎತ್ತಿ, "ಒಂದು ನಿಮಿಷ, ಎಲ್ಲರೂ ಇವರು ಹೇಳುವುದನ್ನು ಕೇಳಿ" ಅಂದರು. ನಾನು ಹೇಳಿ ಮುಗಿಸಿದೆ. "ನೈಟ್ರೋ ಯಾಕೆ ಕೊಡಲಿಲ್ಲ?" ಅಂತ ಕೇಳಿದರು. ಬಲಗಡೆಯ ಇಸಿಜಿ ತೋರಿಸಿದೆ. ಕೈಗೆ ತಗೊಂಡು ನೋಡಿದರು. ಪಕ್ಕದಲ್ಲಿದ್ದ ಜೂನಿಯರ್ ಡಾಕ್ಟರಿಗೆ ಕೊಟ್ಟು, "ಇದನ್ನು ನೀವೂ ನೋಡಿ" ಅಂದರು. ರೋಗಿ ನೇರವಾಗಿ, ಹೃದಯದ ಮುಚ್ಚಿದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್‌ಗೆ ಹೋದರು.

ಡಾಕ್ಟರೇ, ಆ "ಯಾಕೆ" ಅನ್ನುವ ಪ್ರಶ್ನೆಗೆ ನಾನು ಯಾವತ್ತೂ ಋಣಿ. ಇವರ ಹತ್ತಿರ ಒಂದು ಕಾರಣ ಇರುತ್ತದೆ ಅಂತ ನಂಬಿದವರು ಮಾತ್ರ ಹಾಗೆ ಕೇಳುತ್ತಾರೆ.

ಅದೇ ವಿಭಾಗದ ಹಿರಿಯ ನರ್ಸ್ ಅಕ್ಕನಿಗೂ ಒಂದು ಮಾತು. ನಮ್ಮ ಕೆಲಸದಲ್ಲಿ ಕಥೆಯ ಅರ್ಧ ಮಾತ್ರ ನಮ್ಮ ಕೈಗೆ ಸಿಗುತ್ತದೆ. ರೋಗಿಯನ್ನು ಒಪ್ಪಿಸುತ್ತೇವೆ, ಸ್ಟ್ರೆಚರ್ ಒರೆಸುತ್ತೇವೆ, ಮುಂದಿನ ಕರೆಗೆ ಹೊರಡುತ್ತೇವೆ. ಅವರು ಉಳಿದರಾ, ನಾವು ಅಂದುಕೊಂಡದ್ದೇ ಕಾಯಿಲೆಯಾ, ಗೊತ್ತೇ ಆಗುವುದಿಲ್ಲ. ಈ ಅಕ್ಕ ಶಿಫ್ಟ್ ಮುಗಿಸಿ ಹೊರಡುವ ಮುನ್ನ ಫೋನ್ ಮಾಡುತ್ತಾರೆ. "ನೀವು ತಂದವರಿಗೆ ಸ್ಟೆಂಟ್ ಹಾಕಿದರು, ಮಾತಾಡ್ತಾ ಇದ್ದಾರೆ." ಕೆಲವೊಮ್ಮೆ, "ಇಲ್ಲ, ಹೋಗಿಬಿಟ್ಟರು. ಆದರೆ ನೀವು ಮಾಡಿದ್ದರಲ್ಲಿ ಏನೂ ಕಮ್ಮಿ ಇರಲಿಲ್ಲ." ಕೆಟ್ಟ ಸುದ್ದಿಯನ್ನೂ ಫೋನ್ ಮಾಡಿ ಹೇಳುತ್ತಾರಲ್ಲ, ಅದು ದೊಡ್ಡದು. ನನ್ನ ಅರ್ಧ ವಿದ್ಯೆ ಆ ಫೋನುಗಳಿಂದ ಬಂದದ್ದು. ನಾವು ಕಂಡದ್ದನ್ನೂ ಆಸ್ಪತ್ರೆಯ ಒಳಗೆ ತಿಳಿದದ್ದನ್ನೂ ಜೋಡಿಸಿ ನೋಡದಿದ್ದರೆ ಎಷ್ಟು ವರ್ಷ ಓಡಾಡಿದರೂ ಅನುಭವ ಅನ್ನಿಸಿಕೊಳ್ಳುವುದಿಲ್ಲ.

ಇನ್ನು ನನ್ನ ಗಾಡಿಯ ಸ್ಟಿಯರಿಂಗ್ ಹಿಡಿದವರು. ಇವರನ್ನು ಬರೀ ಡ್ರೈವರ್ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ. ಹೃದಯ ನಿಂತವರಿಗೆ ಸಿಪಿಆರ್ ಮಾಡುವಾಗ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸುಸ್ತಾದರೆ ಆಳ ತಾನಾಗಿ ಕಡಿಮೆಯಾಗುತ್ತದೆ, ಅದಕ್ಕೇ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು. ಇದೆಲ್ಲ ನೆಲದ ಮೇಲೆ ಆದರೆ ಸರಿ. ಓಡುವ ಗಾಡಿಯಲ್ಲಿ ಕಾಲು ನಿಲ್ಲುವುದೇ ಕಷ್ಟ. ಅದಕ್ಕೇ ಆದಷ್ಟೂ ರೋಗಿ ಇದ್ದ ಜಾಗದಲ್ಲೇ ಮಾಡುತ್ತೇವೆ. ಅಲ್ಲಿ ನನ್ನ ಎದುರು ಮಂಡಿಯೂರಿ ಕೂತು ಎದೆ ಒತ್ತುವವರು ಇವರೇ. ಹೊರಡಲೇಬೇಕಾದಾಗ ಮುಂದಿನಿಂದ ಅವರ ದನಿ ಕೇಳುತ್ತಲೇ ಇರುತ್ತದೆ. "ಎಡಕ್ಕೆ ತಿರುವು." "ಹಂಪ್ ಇದೆ, ಹಿಡ್ಕೊಳ್ಳಿ." "ಇನ್ನು ಸೀದಾ ರೋಡು." ನಾನು ತಲೆ ಎತ್ತದೆ ಕೆಲಸ ಮಾಡಿದ್ದು ಆ ದನಿಯ ಭರವಸೆಯ ಮೇಲೆ. ಅಣ್ಣಾ, ನನ್ನ ಹೆಸರಿನ ಮುಂದೆ ಹಿರಿಯ ಅಂತ ಬಂದಿದ್ದರೆ ಅದರಲ್ಲಿ ನಿಮ್ಮ ಪಾಲು ನನ್ನಷ್ಟೇ ಇದೆ.

ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೂತವರನ್ನು ಜನ ನೋಡುವುದೇ ಇಲ್ಲ. ಲಂಡನ್‌ನಲ್ಲಿ 1935ರಲ್ಲಿ ಒಂದು ಮನೆಗೆ ಬೆಂಕಿ ಬಿದ್ದು 5 ಹೆಂಗಸರು ಸತ್ತರು. ಪಕ್ಕದ ಮನೆಯವರು ಫೋನ್ ಮಾಡಿದ್ದರು, ಆದರೆ ಟೆಲಿಫೋನ್ ಎಕ್ಸ್‌ಚೇಂಜ್ ಅವರನ್ನು ಸಾಲಿನಲ್ಲಿ ಕಾಯಿಸಿತ್ತು. ಆ ಸಂಕಟದ ನಂತರವೇ 1937ರಲ್ಲಿ 999 ಶುರುವಾಯಿತು. ತುರ್ತಿನ ಕರೆಗೆಂದೇ ಒಂದು ಸಂಖ್ಯೆ, ಎತ್ತಲು ಒಬ್ಬರು. ಇವತ್ತು ಆ ಒಬ್ಬರು ಬರೀ ಕರೆ ಎತ್ತುವುದಿಲ್ಲ. ನಾವು ತಲುಪುವ ಮೊದಲೇ, ಅಳುತ್ತಿರುವ ಮಗಳಿಗೆ ಫೋನಿನಲ್ಲೇ ಅಪ್ಪನ ಎದೆ ಒತ್ತಲು ಹೇಳಿಕೊಡುತ್ತಾರೆ. "ನನ್ನ ಜೊತೆ ಎಣಿಸಿ, ನಿಲ್ಲಿಸಬೇಡಿ." ನಾವು ಹೋದಾಗ ಆಕೆ ಇನ್ನೂ ಒತ್ತುತ್ತಲೇ ಇರುತ್ತಾಳೆ. ಆ ನಿಮಿಷಗಳಲ್ಲಿ ಯಾರೂ ಎದೆ ಒತ್ತದಿದ್ದರೆ ನಾವು ಎಷ್ಟು ಬೇಗ ಹೋದರೂ ತಡವೇ. ಕಂಟ್ರೋಲ್ ರೂಮಿನ ಗೆಳೆಯರೇ, ನಿಮಗೂ ಕಥೆಯ ಕೊನೆ ಗೊತ್ತಾಗುವುದಿಲ್ಲ. ಇನ್ನು ಮುಂದೆ ನರ್ಸ್ ಅಕ್ಕ ನನಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನನಗೆ ಕಲಿಸಿದ ಮೇಷ್ಟ್ರು ಮೊದಲ ದಿನ ಸೂಜಿ, ಟ್ಯೂಬು ಏನೂ ತೋರಿಸಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಥೆ ಹೇಳಿದರು. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು. ಬೇರೆ ಎಷ್ಟೋ ಊರುಗಳಲ್ಲಿ ಶವ ಸಾಗಿಸುವವರ ಗಾಡಿಯೇ ಆಂಬುಲೆನ್ಸ್. ಸಿಪಿಆರ್ ರೂಪಿಸಿದವರಲ್ಲಿ ಒಬ್ಬರಾದ ಡಾ. ಪೀಟರ್ ಸಫಾರ್ ಅದೇ ಊರಿನಲ್ಲಿದ್ದರು. 1966ರಲ್ಲಿ ಅವರ ಸ್ವಂತ ಮಗಳು ಆಸ್ತಮಾದಿಂದ ತೀರಿಕೊಂಡಳು. ಮರುವರ್ಷ ಶುರುವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಗೆ ಅವರು ತರಬೇತಿ ರೂಪಿಸಿದರು. ಕಲಿಯಲು ಬಂದವರು ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡಾವಣೆಯ ಕಪ್ಪು ಜನಾಂಗದ ಯುವಕರು. ಕೆಲಸವಿಲ್ಲದವರು, ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸಿಕೊಂಡವರು. ಅವರು ಬೀದಿಯಲ್ಲೇ ಚಿಕಿತ್ಸೆ ಕೊಡುವುದನ್ನು ಮಾಡಿ ತೋರಿಸಿದರು. ಆಮೇಲೆ ಡಾ. ನ್ಯಾನ್ಸಿ ಕ್ಯಾರೊಲಿನ್ ಅನ್ನುವ ವೈದ್ಯೆ ಈ ಯುವಕರ ಜೊತೆ ನಿಂತರು. ಅಮೆರಿಕದ ಪ್ಯಾರಾಮೆಡಿಕ್ ತರಬೇತಿಗೆ ಅಲ್ಲಿ ಬೆಳೆದ ಪಾಠವೇ ಮಾದರಿಯಾಯಿತು. ಆದರೆ 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರು ಮಾಡಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಅಷ್ಟು ಕಲಿತವರಲ್ಲಿ ಎಷ್ಟೋ ಮಂದಿ ಬದಿಗೆ ಸರಿಯಬೇಕಾಯಿತು. ಅವರ ಹೆಸರು ಜನರ ಬಾಯಿಗೆ ಬರಲು ಹತ್ತಾರು ವರ್ಷ ಹಿಡಿಯಿತು.

"ಕೆಲಸ ಚೆನ್ನಾಗಿ ಮಾಡಿದರೆ ಸಾಲದು. ಮಾಡಿದ್ದನ್ನು ಬರೆದಿಡಿ, ಬಾಯಿಬಿಟ್ಟು ಹೇಳಿ" ಅಂತ ಮೇಷ್ಟ್ರು ಆ ಕಥೆ ಮುಗಿಸಿದ್ದರು. ಮೇಷ್ಟ್ರೇ, ಬರೆಯುತ್ತಿದ್ದೇನೆ. ಈಗ ಕಾಲ ಸ್ವಲ್ಪ ಬದಲಾಗಿದೆ. ಬ್ರಿಟನ್‌ನಲ್ಲಿ ನೋಂದಣಿ ಇಲ್ಲದವರು ಪ್ಯಾರಾಮೆಡಿಕ್ ಅಂತ ಹೇಳಿಕೊಳ್ಳುವಂತಿಲ್ಲ. ಭಾರತದಲ್ಲಿ ಆರೋಗ್ಯ ವೃತ್ತಿಗಳ ಬಗ್ಗೆ 2021ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಪ್ಯಾರಾಮೆಡಿಕ್‌ಗೂ ಜಾಗ ಇದೆ. ಇದೆಲ್ಲ ಬೇಕೇ ಬೇಕು. ಹುದ್ದೆಗೆ ಕಾನೂನಿನ ಬಲ ಇಲ್ಲದಿದ್ದರೆ ಸಂಬಳವೂ ಏರುವುದಿಲ್ಲ, ತರಬೇತಿಗೂ ಒಂದು ಮಟ್ಟ ಇರುವುದಿಲ್ಲ.

ಒಂದು ಮಗುವನ್ನು ಉಳಿಸಿಕೊಳ್ಳಲು ಆಗದ ದಿನದ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಅದು ಆ ಮನೆಯವರ ದುಃಖ. ಆದರೆ ಅವತ್ತು ನಾವು ಕೇಳದೆಯೇ ನಮ್ಮ ಗಾಡಿಯನ್ನು ಮುಂದಿನ ಕರೆಯಿಂದ ಬಿಡಿಸಿದ ಶಿಫ್ಟ್ ಮೇಲ್ವಿಚಾರಕರಿಗೆ ಧನ್ಯವಾದ ಹೇಳಲೇಬೇಕು. ಆಮೇಲಿನ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಕೌನ್ಸೆಲರ್ ಹತ್ತಿರ ಹೋಗಿ ಅಂದವರೂ ಅವರೇ. ಆ ಹೊತ್ತಿಗೆ ನನ್ನ ಶಿಫ್ಟ್ ಅದಲುಬದಲು ಮಾಡಿ, ಒಬ್ಬರಿಗೂ ಕಾರಣ ಹೇಳಲಿಲ್ಲ. ಕೌನ್ಸೆಲರ್ ಹತ್ತಿರವೂ ಅಷ್ಟೇ, ಒಬ್ಬರು ಕೂತು ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಅದರಿಂದಲೇ ನಾನು ಮತ್ತೆ ಗಾಡಿ ಹತ್ತಿದ್ದು.

ಸ್ಟೋರಿನಲ್ಲಿ ಪ್ರತಿ ಇಂಜೆಕ್ಷನ್ ಆಂಪ್ಯೂಲಿನ ದಿನಾಂಕ ನೋಡಿ ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸುವವರಿಗೆ, ಸ್ಟ್ರೆಚರ್ ಹಳಿಯ ಸಂದಿಯ ರಕ್ತವನ್ನೂ ಬಿಡದೆ ತೊಳೆಯುವವರಿಗೆ, ರಾತ್ರಿ ಶಿಫ್ಟ್ ಮುಗಿಸಿ ಬಂದು ಮಲಗಿದಾಗ ಪಿಸುಗುಟ್ಟಿಕೊಂಡೇ ಆಟ ಆಡಿದ ನನ್ನ ಮಕ್ಕಳಿಗೆ, ಹಬ್ಬ ಹುಣ್ಣಿಮೆ ಎಲ್ಲವನ್ನೂ ನನ್ನ ಡ್ಯೂಟಿ ಪಟ್ಟಿ ನೋಡಿ ಮುಂದೂಡಿದ ಮನೆಯವರಿಗೆ, ತುಂಬಾ ತುಂಬಾ ಧನ್ಯವಾದ.

ಸದ್ಯದಲ್ಲೇ ಹೊಸಬರ ತಂಡ ನನ್ನ ಜೊತೆ ಗಾಡಿ ಹತ್ತಲಿದೆ. ಆಸ್ಪತ್ರೆಗಳಲ್ಲಿರುವ ಡಾಕ್ಟರು, ನರ್ಸ್ ಗೆಳೆಯರಲ್ಲಿ ಒಂದು ಕೋರಿಕೆ. ಮೊದಮೊದಲು ಅವರು ತಡವರಿಸುತ್ತಾರೆ. ವಯಸ್ಸು ಹೇಳಿ ಸಮಯ ಮರೆಯುತ್ತಾರೆ, ಬಿಪಿ ಎರಡು ಸಲ ಹೇಳುತ್ತಾರೆ. ದಯವಿಟ್ಟು ಮುಗಿಸಲು ಬಿಡಿ. ಮುಗಿದ ಮೇಲೆ ಯಾಕೆ ಹಾಗೆ ಮಾಡಿದಿರಿ ಅಂತ ಒಂದು ಪ್ರಶ್ನೆ ಕೇಳಿ. ಆಗುವುದಾದರೆ, ಅವರು ತಂದ ರೋಗಿ ಏನಾದರು ಅಂತ ಶಿಫ್ಟ್ ಮುಗಿಯುವ ಮುನ್ನ ಒಂದು ಫೋನ್ ಮಾಡಿ. ನಂಬರು ಬರೆದಿಡಲು ಅವರಿಗೆ ನಾನೇ ಹೇಳಿರುತ್ತೇನೆ.